ಎನ್‌ಎಫ್‌ಎಸ್ ಹಂಚಿಕೆಯಲ್ಲಿರುವ ಸಾಧನ ಕಡತ ಯಾವ ಯಂತ್ರದ ಸಾಧನವನ್ನು ತೆರೆಯುತ್ತದೆ?

ತೂಕದ ಕೋಣೆ

ಎಲ್ಲರಿಗೂ ನಮಸ್ಕಾರ. ಅಡಿಕೆ ಖರೀದಿಸುವ ಸಹಕಾರಿ ಸಂಘವೊಂದರ ಗಣಕಯಂತ್ರಗಳನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ತೂಕದ ಕೋಣೆಯಲ್ಲಿ ಒಂದು ಎಲೆಕ್ಟ್ರಾನಿಕ್ ತಕ್ಕಡಿ ಇದೆ. ಅದರ ಸೀರಿಯಲ್ ಕೇಬಲ್ಲು ಯುಎಸ್‌ಬಿ ಅಡಾಪ್ಟರಿನ ಮೂಲಕ ಪಕ್ಕದಲ್ಲಿರುವ ಡೆಬಿಯನ್ ಯಂತ್ರಕ್ಕೆ ಸೇರುತ್ತದೆ. ಆ ಯಂತ್ರದಲ್ಲಿ /ಡೆವ್/ಟಿಟಿವೈಯುಎಸ್‌ಬಿ0 ಎಂಬ ಕಡತವನ್ನು ಓದಿದರೆ ತೂಕವು ಸಾಲುಸಾಲಾಗಿ ಬರುತ್ತದೆ. ಮೂಟೆ ಅಲುಗಾಡುತ್ತಿರುವಾಗ ಸಾಲಿನ ಆರಂಭದಲ್ಲಿ ಯುಎಸ್ ಎಂದೂ, ಅಂಕಿ ಒಂದೆಡೆ ನಿಂತ ಮೇಲೆ ಎಸ್‌ಟಿ ಎಂದೂ ಇರುತ್ತದೆ.

ಬಿಲ್ಲು ಬರೆಯುವ ಎರಡು ಕೌಂಟರುಗಳು ಕಟ್ಟಡದ ಇನ್ನೊಂದು ಬದಿಯಲ್ಲಿವೆ. ಇಂದಿಗೂ ತೂಕವನ್ನು ಚೀಟಿಯಲ್ಲಿ ಬರೆದು ಕಳುಹಿಸಿ, ಅಲ್ಲಿ ಅದನ್ನು ಮತ್ತೆ ಟೈಪು ಮಾಡಬೇಕು. ಕಳೆದ ಹಂಗಾಮಿನಲ್ಲಿ 65 ಎಂಬುದು 56 ಆಗಿ ದಾಖಲಾಗಿ, ರೈತರೊಬ್ಬರು ಮರುದಿನ ಚೀಟಿ ಹಿಡಿದು ಬಂದಾಗ ನಾವೆಲ್ಲ ತಲೆತಗ್ಗಿಸಿ ನಿಲ್ಲಬೇಕಾಯಿತು. ತಕ್ಕಡಿಯ ಅಂಕಿ ಮನುಷ್ಯರ ಕೈ ಸೋಕದೆ ನೇರವಾಗಿ ಬಿಲ್ಲಿಗೆ ಬರಬೇಕೆಂಬುದು ಅಂದಿನಿಂದ ನನ್ನ ಹಟ.

ತೂಕದ ಕೋಣೆಯ ಯಂತ್ರದಲ್ಲಿ ಈಗಾಗಲೇ ಒಂದು ಎನ್‌ಎಫ್‌ಎಸ್ ಹಂಚಿಕೆ (ಒಂದು ಯಂತ್ರದ ಕಡತಗಳನ್ನು ನೆಟ್‌ವರ್ಕಿನ ಮೂಲಕ ಬೇರೆ ಯಂತ್ರಗಳಿಗೂ ಒದಗಿಸುವ ವ್ಯವಸ್ಥೆ) ಇದೆ. ಎರಡೂ ಕೌಂಟರುಗಳು ಅದನ್ನು ಮೌಂಟ್ ಮಾಡಿಕೊಂಡಿವೆ, ಅಂದರೆ ತಮ್ಮದೇ ಕೋಶದಂತೆ ಜೋಡಿಸಿಕೊಂಡಿವೆ. ಯುನಿಕ್ಸ್‌ನಲ್ಲಿ ಎಲ್ಲವೂ ಕಡತವೇ ಎಂದು ಓದಿದ್ದರಿಂದ, ಆ ಹಂಚಿಕೆಯೊಳಗೆ ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ ‘ಎಂಕೆನೋಡ್ ತಕ್ಕಡಿ ಸಿ 188 0’ ಎಂಬ ಆದೇಶದಿಂದ ಒಂದು ಸಾಧನ ಕಡತವನ್ನು ಮಾಡಿದೆ. ತೂಕದ ಕೋಣೆಯಲ್ಲಿ ಅದನ್ನು ಓದಿದಾಗ ತೂಕ ಸರಿಯಾಗಿ ಬಂತು. ಮೊದಲ ಕೌಂಟರಿನಲ್ಲಿ ಅದೇ ಕಡತವನ್ನು ಓದಲು ಹೋದರೆ ‘ನೋ ಸಚ್ ಡಿವೈಸ್ ಆರ್ ಅಡ್ರೆಸ್’ ಎಂಬ ದೋಷ ಬಂತು. ಎರಡನೆಯ ಕೌಂಟರಿನಲ್ಲಿ ಆದದ್ದು ಇನ್ನೂ ವಿಚಿತ್ರ: ದೋಷವೇನೂ ಬರಲಿಲ್ಲ, ಆದರೆ ತೂಕವೂ ಬರಲಿಲ್ಲ. ಸ್ವಲ್ಪ ಹೊತ್ತಿನ ನಂತರ ಹದಿಮೂರು ಅಂಕಿಗಳ ಒಂದು ಸಾಲು ಪರದೆಯ ಮೇಲೆ ಮೂಡಿತು. ಆ ಹೊತ್ತಿನಲ್ಲಿ ತಕ್ಕಡಿಯ ಮೇಲೆ ಏನೂ ಇರಲಿಲ್ಲ. ನೆಟ್‌ವರ್ಕಿನಲ್ಲಿ ದತ್ತಾಂಶ ಕೆಡುತ್ತಿದೆಯೇ, ಅಥವಾ ನಾನು ಮೌಂಟ್ ಮಾಡಿದ ರೀತಿಯಲ್ಲಿ ತಪ್ಪಿದೆಯೇ, ದಯವಿಟ್ಟು ತಿಳಿಸಿ.

ಕರ್ನಲ್ ಓದುಗ

ದತ್ತಾಂಶ ಕೆಟ್ಟಿಲ್ಲ, ನೀವು ಮೌಂಟ್ ಮಾಡಿದ್ದರಲ್ಲಿಯೂ ತಪ್ಪಿಲ್ಲ. ಉತ್ತರ ಬರೆಯುವ ಮೊದಲು ಒಂದು ಪ್ರಶ್ನೆ: ಎರಡನೆಯ ಕೌಂಟರಿನ ಯಂತ್ರಕ್ಕೆ ಯುಎಸ್‌ಬಿ ಅಡಾಪ್ಟರಿನ ಮೂಲಕವೇ ಜೋಡಿಸಿದ ಬಾರ್‌ಕೋಡ್ ರೀಡರ್ ಏನಾದರೂ ಇದೆಯೇ? ಹದಿಮೂರು ಅಂಕಿ ಎಂದೊಡನೆ ನನಗೆ ಹೊಳೆದದ್ದು ಅದು.

ತೂಕದ ಕೋಣೆ

ಇದೆ! ಆ ಕೌಂಟರಿನಲ್ಲಿಯೇ ಗೊಬ್ಬರ ಮತ್ತು ಕೀಟನಾಶಕಗಳ ಮಾರಾಟವೂ ನಡೆಯುವುದರಿಂದ ಹಳೆಯ ಸೀರಿಯಲ್ ರೀಡರ್ ಒಂದನ್ನು ಜೋಡಿಸಿದ್ದೇವೆ. ಸಹೋದ್ಯೋಗಿಯನ್ನು ಈಗಷ್ಟೇ ವಿಚಾರಿಸಿದೆ. ಆ ಕ್ಷಣದಲ್ಲಿ ಅವರು ಒಂದು ಡಬ್ಬಿಯನ್ನು ಸ್ಕ್ಯಾನ್ ಮಾಡಿದ್ದರಂತೆ. ಪರದೆಯಲ್ಲಿ ಬಂದಿದ್ದ ಅಂಕಿಗಳು ಆ ಡಬ್ಬಿಯ ಮೇಲಿನವೇ.

ಕರ್ನಲ್ ಓದುಗ

ಹಾಗಾದರೆ ನಿಮ್ಮ ಎರಡು ಕೌಂಟರುಗಳೇ ಈ ವಿಷಯವನ್ನು ನನಗಿಂತ ಚೆನ್ನಾಗಿ ತೋರಿಸಿಕೊಟ್ಟಿವೆ. ನಡೆದದ್ದು ಇದು.

ಸಾಧನ ಕಡತದ ಒಳಗೆ ದತ್ತಾಂಶ ಎಂಬುದೇ ಇರುವುದಿಲ್ಲ. ಅದರ ಐನೋಡಿನಲ್ಲಿ (ಕಡತದ ವಿವರಗಳನ್ನು ಇಡುವ ದಾಖಲೆಯಲ್ಲಿ) ಇರುವುದು ಒಡೆತನ, ಅನುಮತಿಗಳು, ಕಾಲಮುದ್ರೆಗಳು, ಇದು ಅಕ್ಷರ ಸಾಧನವೋ ಖಂಡ ಸಾಧನವೋ ಎಂಬ ಗುರುತು, ಮತ್ತು ಎರಡು ಸಂಖ್ಯೆಗಳು. ಮೇಜರ್ ಸಂಖ್ಯೆ ಯಾವ ಡ್ರೈವರ್ ಎಂಬುದನ್ನೂ, ಮೈನರ್ ಸಂಖ್ಯೆ ಆ ಡ್ರೈವರಿನ ಕೈಕೆಳಗೆ ಎಷ್ಟನೆಯ ಸಾಧನ ಎಂಬುದನ್ನೂ ಹೇಳುತ್ತವೆ. ಲಿನಕ್ಸ್‌ನಲ್ಲಿ 188 ಎಂದರೆ ಯುಎಸ್‌ಬಿ ಸೀರಿಯಲ್, 0 ಎಂದರೆ ಅವುಗಳಲ್ಲಿ ಮೊದಲನೆಯದು. ಸಾಮಾನ್ಯ ಕಡತವನ್ನು ‘ಎಲ್‌ಎಸ್ -ಎಲ್’ ಆದೇಶದಿಂದ ನೋಡಿದಾಗ ಗಾತ್ರ ಕಾಣುವ ಜಾಗದಲ್ಲಿ ಸಾಧನ ಕಡತಕ್ಕೆ ‘188, 0’ ಎಂದು ಕಾಣುವುದು ಇದೇ ಕಾರಣಕ್ಕೆ: ಹೇಳಲು ಗಾತ್ರವೇ ಇಲ್ಲ.

ಈಗ ಕೌಂಟರಿನ ಯಂತ್ರದಲ್ಲಿ ‘ತಕ್ಕಡಿ’ ಎಂಬ ಕಡತವನ್ನು ತೆರೆಯಲು ಹೋದಾಗ ಏನಾಗುತ್ತದೆಂದು ನೋಡಿ. ಕ್ಲೈಂಟಿನ, ಅಂದರೆ ಕೌಂಟರಿನ, ಕರ್ನಲ್ಲು (ಕಾರ್ಯವ್ಯವಸ್ಥೆಯ ತಿರುಳು) ಸರ್ವರನ್ನು, ಅಂದರೆ ತೂಕದ ಕೋಣೆಯ ಯಂತ್ರವನ್ನು, ಕೇಳುವುದು ಹೆಸರನ್ನೂ ಗುಣಲಕ್ಷಣಗಳನ್ನೂ ಮಾತ್ರ. ಸರ್ವರ್ ‘ಇದು ಅಕ್ಷರ ಸಾಧನ, ಸಂಖ್ಯೆ 188, 0’ ಎಂದು ಉತ್ತರಿಸುತ್ತದೆ. ಅಲ್ಲಿಗೆ ನೆಟ್‌ವರ್ಕಿನ ಪಾತ್ರ ಮುಗಿಯಿತು. ಆ ಎರಡು ಸಂಖ್ಯೆಗಳನ್ನು ಹಿಡಿದುಕೊಂಡು ಕ್ಲೈಂಟಿನ ಕರ್ನಲ್ಲು ತನ್ನದೇ ಡ್ರೈವರುಗಳ ಪಟ್ಟಿಯಲ್ಲಿ ಹುಡುಕುತ್ತದೆ. ಮೊದಲ ಕೌಂಟರಿನಲ್ಲಿ 188ನ್ನು ನೋಡಿಕೊಳ್ಳುವ ಡ್ರೈವರೇ ಲೋಡ್ ಆಗಿಲ್ಲ, ಆದ್ದರಿಂದ ದೋಷ ಬಂತು. ಎರಡನೆಯದರಲ್ಲಿ ಡ್ರೈವರೂ ಇದೆ, ಮೊದಲನೆಯ ಸಾಧನವೂ ಇದೆ. ಅದು ಬಾರ್‌ಕೋಡ್ ರೀಡರ್, ಆದ್ದರಿಂದ ಅದರ ಅಂಕಿಗಳೇ ಬಂದವು. ತೂಕದ ಕೋಣೆಯ ಅಡಾಪ್ಟರನ್ನು ಕಿತ್ತಿಟ್ಟರೂ ಎರಡನೆಯ ಕೌಂಟರಿನಲ್ಲಿ ಅದೇ ಫಲ ಸಿಗುತ್ತದೆ. ಹೆಸರು ಸರ್ವರಿನದು, ಸಾಧನ ಕ್ಲೈಂಟಿನದು.

ಇದನ್ನು ಕಣ್ಣಾರೆ ನೋಡಬೇಕೆಂದಿದ್ದರೆ ಒಂದು ಸಣ್ಣ ಪರೀಕ್ಷೆ ಮಾಡಿ. ಹಂಚಿಕೆಯಲ್ಲಿ 1, 5 ಸಂಖ್ಯೆಗಳ ಅಕ್ಷರ ಸಾಧನವೊಂದನ್ನು ಮಾಡಿ, ಅದು /ಡೆವ್/ಝೀರೋ. ಕೌಂಟರಿನಲ್ಲಿ ‘ಎನ್‌ಎಫ್‌ಎಸ್‌ಸ್ಟ್ಯಾಟ್ -ಸಿ’ ಓಡಿಸಿ ರೀಡ್ ಕೋರಿಕೆಗಳ ಎಣಿಕೆಯನ್ನು ಬರೆದಿಟ್ಟುಕೊಳ್ಳಿ. ಆಮೇಲೆ ಆ ಕಡತದಿಂದ ‘ಡಿಡಿ’ ಬಳಸಿ ಒಂದು ಗಿಗಾಬೈಟಿನಷ್ಟು ಸೊನ್ನೆಗಳನ್ನು ಓದಿ, ಎಣಿಕೆಯನ್ನು ಮತ್ತೊಮ್ಮೆ ನೋಡಿ. ಓದು ಕ್ಷಣಾರ್ಧದಲ್ಲಿ ಮುಗಿದಿರುತ್ತದೆ, ಆದರೆ ಅದರಿಂದಾಗಿ ರೀಡ್ ಕೋರಿಕೆ ಒಂದೂ ಸರ್ವರಿಗೆ ಹೋಗಿರುವುದಿಲ್ಲ. ಆ ಸೊನ್ನೆಗಳೆಲ್ಲ ಕೌಂಟರಿನ ಕರ್ನಲ್ಲಿನಲ್ಲಿಯೇ ಹುಟ್ಟಿದವು.

ಹಳೆಯ ಟರ್ಮಿನಲ್

ಮೇಲಿನ ವಿವರಣೆಗೆ ಸ್ವಲ್ಪ ಇತಿಹಾಸವನ್ನು ಸೇರಿಸಲು ಬಯಸುತ್ತೇನೆ, ಏಕೆಂದರೆ ಇದನ್ನು ಎನ್‌ಎಫ್‌ಎಸ್‌ನ ಕುಂದು ಎಂದು ಹಲವರು ಭಾವಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ತಿಳಿದು ಮಾಡಿದ ಆಯ್ಕೆ.

ಸನ್ ಮೈಕ್ರೋಸಿಸ್ಟಮ್ಸ್ 1980ರ ದಶಕದ ನಡುವೆ ಎನ್‌ಎಫ್‌ಎಸ್ ಅನ್ನು ರೂಪಿಸಿದಾಗ, ಸರ್ವರ್ ತನ್ನ ಕ್ಲೈಂಟುಗಳ ಬಗ್ಗೆ ಏನನ್ನೂ ನೆನಪಿಟ್ಟುಕೊಳ್ಳಬಾರದು ಎಂಬುದು ಅದರ ಅಡಿಗಲ್ಲಾಗಿತ್ತು. ಸರ್ವರ್ ಬಿದ್ದು ಮತ್ತೆ ಎದ್ದರೆ ಕ್ಲೈಂಟು ತನ್ನ ಕೋರಿಕೆಯನ್ನು ಮತ್ತೊಮ್ಮೆ ಕಳುಹಿಸಿದರೆ ಸಾಕು, ಕೆಲಸ ಮುಂದುವರಿಯುತ್ತದೆ. ಆದ್ದರಿಂದಲೇ ಇಂಟರ್ನೆಟ್ ನಿಯಮಗಳ ದಾಖಲೆಯಾದ 1989ರ ಆರ್‌ಎಫ್‌ಸಿ 1094ರಲ್ಲಿ ದಾಖಲಾದ ಎರಡನೆಯ ಆವೃತ್ತಿಯಲ್ಲಿಯೂ, 1995ರ ಆರ್‌ಎಫ್‌ಸಿ 1813ರ ಮೂರನೆಯ ಆವೃತ್ತಿಯಲ್ಲಿಯೂ ಕಡತವನ್ನು ತೆರೆಯುವ ಮತ್ತು ಮುಚ್ಚುವ ಕ್ರಿಯೆಗಳೇ ಇಲ್ಲ. ‘ಇಂತಹ ಕಡತದ ಇಂತಹ ಸ್ಥಾನದಿಂದ ಇಷ್ಟು ಬೈಟು ಕೊಡು’ ಎಂಬ ಕೋರಿಕೆಯನ್ನು ಎರಡು ಸಲ ಕಳುಹಿಸಿದರೂ ಉತ್ತರ ಒಂದೇ. ಈ ಕಟ್ಟಳೆಯನ್ನು ಸೀರಿಯಲ್ ಪೋರ್ಟಿಗೆ ಅನ್ವಯಿಸಿ ನೋಡಿ. ಅಲ್ಲಿ ಸ್ಥಾನ ಎಂಬುದಿಲ್ಲ. ಒಮ್ಮೆ ಓದಿದ ಬೈಟು ಮತ್ತೆ ಸಿಗುವುದಿಲ್ಲ. ಉತ್ತರ ದಾರಿಯಲ್ಲಿ ಕಳೆದುಹೋಗಿ ಕ್ಲೈಂಟು ಮತ್ತೆ ಕೇಳಿದರೆ ಒಂದು ಮೂಟೆಯ ತೂಕ ಕಾಣೆಯಾಗಿ ಮುಂದಿನ ಮೂಟೆಯದು ಬರುತ್ತದೆ. ಟೇಪ್ ಡ್ರೈವಿನಲ್ಲಿ ‘ಹಿಂದಕ್ಕೆ ಸುತ್ತು’ ಎಂಬ ಆದೇಶ ಎರಡು ಸಲ ತಲುಪಿದರೆ ಹಾನಿಯಿಲ್ಲ, ‘ಒಂದು ಕಡತ ಮುಂದಕ್ಕೆ ಹೋಗು’ ಎಂಬುದು ಎರಡು ಸಲ ತಲುಪಿದರೆ ತಪ್ಪಾದ ಜಾಗಕ್ಕೆ ಹೋಗಿ ನಿಲ್ಲುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಐಒಕಂಟ್ರೋಲ್ ಕರೆ, ಅಂದರೆ ಸಾಧನವನ್ನು ನಿಯಂತ್ರಿಸಲು ಪ್ರೋಗ್ರಾಮು ಕರ್ನಲ್ಲಿಗೆ ಕೊಡುವ ಕರೆ. ಸೀರಿಯಲ್ ಪೋರ್ಟಿನ ವೇಗವನ್ನು 9600 ಬಾಡ್‌ಗೆ ಹೊಂದಿಸುವಾಗ ಪ್ರೋಗ್ರಾಮು ಕರ್ನಲ್ಲಿಗೆ ಕೊಡುವುದು ತನ್ನ ಸ್ಮೃತಿಯಲ್ಲಿರುವ ಒಂದು ರಚನೆಯ ವಿಳಾಸವನ್ನು. ಆ ರಚನೆಯ ಆಕಾರ ಡ್ರೈವರಿನಿಂದ ಡ್ರೈವರಿಗೆ, ಪ್ರೊಸೆಸರಿನಿಂದ ಪ್ರೊಸೆಸರಿಗೆ, ಒಂದು ಕಾರ್ಯವ್ಯವಸ್ಥೆಯಿಂದ ಇನ್ನೊಂದಕ್ಕೆ ಬದಲಾಗುತ್ತದೆ. ನಡುವೆ ನಿಂತಿರುವ ಕಡತ ವ್ಯವಸ್ಥೆಗೆ ಆ ವಿಳಾಸದ ಹಿಂದೆ ಎಷ್ಟು ಬೈಟುಗಳಿವೆ, ಅವುಗಳ ಅರ್ಥವೇನು ಎಂಬುದು ಗೊತ್ತಿರುವುದಿಲ್ಲ. ಭಿನ್ನ ತಯಾರಕರ ಯಂತ್ರಗಳು ಒಂದರೊಡನೊಂದು ಮಾತನಾಡಬೇಕೆಂದು ಹೊರಟ ಎನ್‌ಎಫ್‌ಎಸ್‌ಗೆ ಈ ಹೊರೆ ಹೊರುವುದು ಸಾಧ್ಯವಿರಲಿಲ್ಲ.

ಅದೇ ದಶಕದಲ್ಲಿ ಎಟಿ ಅಂಡ್ ಟಿ ಕಂಪನಿಯು ತನ್ನ ಯುನಿಕ್ಸ್ ಆದ ಸಿಸ್ಟಮ್ ಫೈವ್‌ನ ಮೂರನೆಯ ಬಿಡುಗಡೆಯೊಡನೆ ಆರ್‌ಎಫ್‌ಎಸ್ ಎಂಬ ಇನ್ನೊಂದು ವ್ಯವಸ್ಥೆಯನ್ನು ತಂದಿತು. ಅದು ನಿಮ್ಮ ಆಸೆಯನ್ನು ನಿಜವಾಗಿಯೂ ಪೂರೈಸುತ್ತಿತ್ತು: ದೂರದ ಸಾಧನ ಕಡತವನ್ನು ತೆರೆದರೆ ದೂರದ ಸಾಧನವೇ ತೆರೆಯುತ್ತಿತ್ತು, ಐಒಕಂಟ್ರೋಲ್ ಕೂಡ ಅಲ್ಲಿಗೇ ಹೋಗುತ್ತಿತ್ತು. ಅದಕ್ಕಾಗಿ ಯಾರು ಏನನ್ನು ತೆರೆದಿದ್ದಾರೆಂಬುದನ್ನೆಲ್ಲ ಸರ್ವರ್ ನೆನಪಿಡಬೇಕಿತ್ತು, ಮತ್ತು ಎರಡೂ ಬದಿಯಲ್ಲಿ ಸಿಸ್ಟಮ್ ಫೈವ್ ಇರಬೇಕಿತ್ತು. ಎನ್‌ಎಫ್‌ಎಸ್ ಎಲ್ಲೆಡೆ ಹಬ್ಬಿತು, ಆರ್‌ಎಫ್‌ಎಸ್ ಬಳಕೆಯಿಂದ ಮರೆಯಾಯಿತು.

ನನಗೆ ಬಹಳ ಪ್ರಿಯವಾದ ಮೂರನೆಯ ದಾರಿ ಬೆಲ್ ಲ್ಯಾಬ್ಸ್‌ನ ಕಾರ್ಯವ್ಯವಸ್ಥೆ ಪ್ಲಾನ್ 9. ಅದರಲ್ಲಿ ಐಒಕಂಟ್ರೋಲ್ ಎಂಬುದೇ ಇಲ್ಲ. ಸೀರಿಯಲ್ ಪೋರ್ಟಿಗೆ ಎರಡು ಕಡತಗಳಿವೆ: ದತ್ತಾಂಶ ಹರಿಯುವ ‘ಇಐಎ0’ ಒಂದು, ನಿಯಂತ್ರಣಕ್ಕೆ ‘ಇಐಎ0ಸಿಟಿಎಲ್’ ಇನ್ನೊಂದು. ವೇಗವನ್ನು ಹೊಂದಿಸಲು ಎರಡನೆಯ ಕಡತದಲ್ಲಿ ‘ಬಿ9600’ ಎಂದು ಬರೆದರಾಯಿತು. ಎಲ್ಲವೂ ಬರಿಯ ಅಕ್ಷರಗಳಾದ್ದರಿಂದ ನೆಟ್‌ವರ್ಕಿನ ಮೇಲೆ ಅವನ್ನು ಸಾಗಿಸಲು ಯಾವ ಅಡ್ಡಿಯೂ ಇಲ್ಲ. ‘ಇಂಪೋರ್ಟ್’ ಎಂಬ ಆದೇಶದಿಂದ ಪಕ್ಕದ ಯಂತ್ರದ ಸಾಧನಗಳ ಕೋಶವನ್ನೇ ನಮ್ಮ ಯಂತ್ರಕ್ಕೆ ತಂದುಕೊಳ್ಳಬಹುದು. ‘ಎಲ್ಲವೂ ಕಡತವೇ’ ಎಂಬ ಮಾತನ್ನು ಯುನಿಕ್ಸ್ ಅರ್ಧ ದಾರಿಯವರೆಗೆ ನಡೆಸಿತು, ಪ್ಲಾನ್ 9 ಉಳಿದರ್ಧವನ್ನು ನಡೆದು ತೋರಿಸಿತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬೋರ್ಡ್ ಬೆಂಚ್

‘ಸಾಧನ ಕ್ಲೈಂಟಿನದು’ ಎಂಬ ಈ ನಿಯಮ ತೂಕದ ಕೋಣೆಯವರಿಗೆ ಅಡ್ಡಿಯಾಗಿ ಕಂಡರೂ, ಎಂಬೆಡೆಡ್ ಕೆಲಸ ಮಾಡುವ ನಮ್ಮಂಥವರ ಅನ್ನ ಅದರ ಮೇಲೆಯೇ ನಿಂತಿದೆ ಎಂಬುದನ್ನು ಹೇಳಲೇಬೇಕು. ಡಿಸ್ಕ್ ಇಲ್ಲದ ಬೋರ್ಡೊಂದನ್ನು ಎನ್‌ಎಫ್‌ಎಸ್ ರೂಟ್‌ನಿಂದ ಬೂಟ್ ಮಾಡುವಾಗ, ಸರ್ವರಿನಲ್ಲಿರುವ ಕಡತಕೋಶವೇ ಬೋರ್ಡಿನ ಮೂಲ ಕಡತ ವ್ಯವಸ್ಥೆಯಾಗುತ್ತದೆ. ಅದರೊಳಗಿನ /ಡೆವ್/ಕನ್ಸೋಲ್ ಸರ್ವರಿನ ಕನ್ಸೋಲನ್ನು ತೆರೆಯುವಂತಿದ್ದರೆ ಬೋರ್ಡಿನ ಮಾತೆಲ್ಲ ಸರ್ವರಿನ ಪರದೆಗೆ ಹೋಗುತ್ತಿತ್ತು. ಒಂದೇ ಸರ್ವರಿನಿಂದ ಇಪ್ಪತ್ತು ಬೋರ್ಡುಗಳು ಬೂಟ್ ಆಗುವ ಪ್ರಯೋಗಾಲಯವನ್ನು ಊಹಿಸಿಕೊಳ್ಳಲೂ ಆಗುವುದಿಲ್ಲ.

ನನ್ನ ಮೊದಲ ಕೆಲಸದ ದಿನಗಳ ಒಂದು ಅನುಭವವನ್ನು ಹೇಳುತ್ತೇನೆ. ಕರ್ನಲ್ 2.6ರ ಆರಂಭದ ಆವೃತ್ತಿಗಳ ಕಾಲವದು. ಬೋರ್ಡಿಗೆ ಬೇಕಾದ ಮೂಲ ಕಡತ ವ್ಯವಸ್ಥೆ ಒಂದು ಟಾರ್ ಕಡತವಾಗಿ (ಹಲವು ಕಡತಗಳ ಒಂದೇ ಕಟ್ಟಾಗಿ) ನನ್ನ ಕೈಗೆ ಬಂದಿತ್ತು. ಅದನ್ನು ಸರ್ವರಿನಲ್ಲಿ ಸಾಮಾನ್ಯ ಬಳಕೆದಾರನಾಗಿಯೇ ಬಿಡಿಸಿದೆ. ಪರದೆಯ ಮೇಲೆ ಸಾವಿರಾರು ಸಾಲುಗಳು ಉರುಳಿಹೋದುದರ ನಡುವೆ ‘ಕೆನಾಟ್ ಎಂಕೆನೋಡ್: ಆಪರೇಷನ್ ನಾಟ್ ಪರ್ಮಿಟೆಡ್’ ಎಂಬ ಹತ್ತಾರು ಸಾಲುಗಳಿದ್ದುದನ್ನು ನಾನು ಗಮನಿಸಲಿಲ್ಲ. ಬೋರ್ಡನ್ನು ಆನ್ ಮಾಡಿದಾಗ ಸೀರಿಯಲ್ ಕೇಬಲ್ಲಿನಲ್ಲಿ ಬಂದ ಕೊನೆಯ ಮಾತುಗಳು ಇಂದಿಗೂ ಕಣ್ಣಿಗೆ ಕಟ್ಟಿದಂತಿವೆ: ‘ವಿಎಫ್‌ಎಸ್: ಮೌಂಟೆಡ್ ರೂಟ್’, ಆಮೇಲೆ ‘ವಾರ್ನಿಂಗ್: ಅನೇಬಲ್ ಟು ಓಪನ್ ಆನ್ ಇನಿಷಿಯಲ್ ಕನ್ಸೋಲ್’, ಆಮೇಲೆ ಮೌನ. ಬೋರ್ಡು ಪಿಂಗ್‌ಗೆ ಉತ್ತರಿಸುತ್ತಿತ್ತು, ಎನ್‌ಎಫ್‌ಎಸ್ ಕೋರಿಕೆಗಳು ಬರುತ್ತಲೇ ಇದ್ದವು, ಆದರೆ ನನಗೆ ಲಾಗಿನ್ ಎಂಬ ಪದ ಮಾತ್ರ ಕಾಣಲಿಲ್ಲ. ಎರಡು ದಿನ ಕೇಬಲ್ಲು, ಬಾಡ್ ವೇಗ, ಬೂಟ್ ಆದೇಶಗಳು ಎಂದು ಎಲ್ಲವನ್ನೂ ತಿರುವಿ ಹಾಕಿದ ಮೇಲೆ, ಹಿರಿಯರೊಬ್ಬರು ಬಂದು ಸರ್ವರಿನ ಆ ಡೆವ್ ಕೋಶವನ್ನು ಒಮ್ಮೆ ನೋಡಿ, ‘ಖಾಲಿ ಇದೆಯಲ್ಲಪ್ಪಾ’ ಎಂದರು. ರೂಟ್ ಆಗಿ ಎರಡು ಆದೇಶ ಕೊಟ್ಟೆವು: ಕನ್ಸೋಲ್‌ಗೆ ಸಿ 5 1, ನಲ್‌ಗೆ ಸಿ 1 3. ಮರುಬೂಟ್ ಆದ ಕೂಡಲೇ ಲಾಗಿನ್ ಬಂತು.

ಅದೇ ಕೋಶದಲ್ಲಿ ಬೋರ್ಡಿನ ಸೀರಿಯಲ್ ಪೋರ್ಟಿಗೆಂದು 204, 64 ಸಂಖ್ಯೆಗಳ ಟಿಟಿವೈಎಎಂಎ0 ಎಂಬ ಕಡತವನ್ನೂ ಮಾಡಿದ್ದೆವು. ಎಕ್ಸ್86 ಸರ್ವರಿನಲ್ಲಿ ಅದನ್ನು ತೆರೆಯಲು ಹೋದರೆ ತೂಕದ ಕೋಣೆಯವರಿಗೆ ಬಂದ ದೋಷವೇ ಬರುತ್ತಿತ್ತು, ಏಕೆಂದರೆ ಆ ಯಂತ್ರದಲ್ಲಿ ಅಂತಹ ಪೋರ್ಟೇ ಇಲ್ಲ. ಎಆರ್‌ಎಂ ಬೋರ್ಡಿನಲ್ಲಿ ಅದೇ ಕಡತ ಕೆಲಸ ಮಾಡುತ್ತಿತ್ತು. ಕಡತವನ್ನು ಹುಟ್ಟಿಸಿದ ಯಂತ್ರಕ್ಕೇ ಅದರ ಅರ್ಥ ಗೊತ್ತಿಲ್ಲ, ಎಲ್ಲೋ ಇರುವ ಬೋರ್ಡಿಗೆ ಗೊತ್ತಿದೆ.

2009ರ ಕೊನೆಗೆ 2.6.32ರೊಡನೆ ಡೆವ್‌ಟಿಎಂಪಿಎಫ್‌ಎಸ್ ಬಂದ ನಂತರ ಈ ಕಷ್ಟ ಬಹುಮಟ್ಟಿಗೆ ತಪ್ಪಿದೆ. ಕರ್ನಲ್ಲು ತಾನು ಕಂಡ ಸಾಧನಗಳಿಗೆ ತಾನೇ ಸ್ಮೃತಿಯಲ್ಲಿ ಕಡತಗಳನ್ನು ಮಾಡಿ /ಡೆವ್‌ನಲ್ಲಿ ಕೂರಿಸುತ್ತದೆ. ಎನ್‌ಎಫ್‌ಎಸ್ ಸರ್ವರಿನಲ್ಲಿ ಆ ಜಾಗದಲ್ಲಿ ಒಂದು ಖಾಲಿ ಕೋಶವಿದ್ದರೆ ಸಾಕು.

ಕೀಲಿಗೊಂಚಲು

ತೂಕದ ಕೋಣೆಯವರಿಗೆ ಒಂದು ಎಚ್ಚರಿಕೆ. ನಿಮ್ಮ ಎರಡನೆಯ ಕೌಂಟರಿನಲ್ಲಿ ಆ ಸಾಧನ ಕಡತ ತೆರೆದುಕೊಂಡಿತು ಎಂಬುದೇ ಸರಿಪಡಿಸಬೇಕಾದ ವಿಷಯ, ಮತ್ತು ಇದನ್ನು ಇಂದೇ ಮಾಡಬೇಕೆಂದು ಕೋರುತ್ತೇನೆ.

ಕಾರಣ ಸರಳವಾಗಿದೆ. 8, 0 ಸಂಖ್ಯೆಗಳ ಖಂಡ ಸಾಧನ ಎಂದರೆ ಆ ಯಂತ್ರದ ಮೊದಲ ಎಸ್‌ಡಿ ಡಿಸ್ಕ್. ನಿಮ್ಮ ಹಂಚಿಕೆಯಲ್ಲಿ ಯಾರಾದರೂ ಅಂತಹ ಕಡತವೊಂದನ್ನು ಮಾಡಿ, ಎಲ್ಲರೂ ಓದಿ ಬರೆಯಬಹುದಾದ 666 ಅನುಮತಿ ಕೊಟ್ಟರೆನ್ನಿ. ಕೌಂಟರಿನ ಯಂತ್ರದಲ್ಲಿ ರೂಟ್ ಅಲ್ಲದ ಸಾಮಾನ್ಯ ಬಳಕೆದಾರರು ಆ ಕಡತದ ಮೂಲಕ ಕೌಂಟರಿನ ಇಡೀ ಡಿಸ್ಕನ್ನು, ಪಾಸ್‌ವರ್ಡುಗಳ ಕಡತವನ್ನೂ ಸೇರಿಸಿ, ಓದಬಹುದು, ಬರೆಯಲೂಬಹುದು. ಕೌಂಟರಿನ ಸ್ವಂತ /ಡೆವ್ ಕೋಶದಲ್ಲಿ ಎಷ್ಟು ಬಿಗಿಯಾದ ಅನುಮತಿಗಳಿದ್ದರೂ ಉಪಯೋಗವಿಲ್ಲ, ಏಕೆಂದರೆ ಅನುಮತಿಯನ್ನು ನೋಡುವುದು ತೆರೆಯಲು ಬಳಸಿದ ಹೆಸರಿನ ಮೇಲೆ, ಮತ್ತು ಆ ಹೆಸರು ಸರ್ವರಿನಲ್ಲಿದೆ. ಹೀಗಾಗಿ ಸರ್ವರಿನ ರೂಟ್ ಆದವರು ಎಲ್ಲ ಕ್ಲೈಂಟುಗಳಿಗೂ ರೂಟ್ ಆದಂತೆಯೇ. ಹಂಚಿಕೆಯಲ್ಲಿ ನೋ_ರೂಟ್_ಸ್ಕ್ವಾಶ್ (ಕ್ಲೈಂಟಿನ ರೂಟ್‌ಗೆ ಹಂಚಿಕೆಯಲ್ಲಿಯೂ ರೂಟ್ ಅಧಿಕಾರ ಕೊಡುವ ಆಯ್ಕೆ) ಇದ್ದರಂತೂ ಯಾವುದೋ ಒಂದು ಕ್ಲೈಂಟಿನ ರೂಟ್ ಆದವರೂ ಇಂತಹ ಕಡತವನ್ನು ಮಾಡಿ, ಇನ್ನೊಂದು ಕ್ಲೈಂಟಿನಲ್ಲಿ ಸಾಮಾನ್ಯ ಬಳಕೆದಾರರಾಗಿ ಕುಳಿತು ತೆರೆಯಬಹುದು.

ಪರಿಹಾರ ಒಂದೇ ಪದ: ನೋಡೆವ್. ಕ್ಲೈಂಟಿನ ಎಫ್‌ಎಸ್‌ಟ್ಯಾಬ್‌ನಲ್ಲಿ (ಮೌಂಟುಗಳನ್ನು ಪಟ್ಟಿ ಮಾಡುವ ಕಡತದಲ್ಲಿ) ಎನ್‌ಎಫ್‌ಎಸ್ ಸಾಲಿನ ಆಯ್ಕೆಗಳಿಗೆ ನೋಡೆವ್ ಮತ್ತು ನೋಸೂಯಿಡ್ (ಪ್ರೋಗ್ರಾಮು ತನ್ನ ಕಡತದ ಒಡೆಯನ ಅಧಿಕಾರದಲ್ಲಿ ಓಡುವುದನ್ನು ತಡೆಯುವ ಆಯ್ಕೆ) ಸೇರಿಸಿ, ಮರುಮೌಂಟ್ ಮಾಡಿ. ಅಲ್ಲಿಂದ ಮುಂದೆ ಆ ಮೌಂಟಿನ ಯಾವ ಸಾಧನ ಕಡತವನ್ನು ತೆರೆಯಲು ಹೋದರೂ, ರೂಟ್ ಆಗಿದ್ದರೂ, ‘ಪರ್ಮಿಷನ್ ಡಿನೈಡ್’ ಎಂಬ ಉತ್ತರವೇ ಬರುತ್ತದೆ. ಇದನ್ನು ಪ್ರತಿಯೊಂದು ಕ್ಲೈಂಟಿನಲ್ಲಿಯೂ ಪ್ರತ್ಯೇಕವಾಗಿ ಮಾಡಬೇಕು. ಹಂಚಿಕೆಗಳನ್ನು ಪಟ್ಟಿ ಮಾಡುವ ಲಿನಕ್ಸ್ ಸರ್ವರಿನ ಎಕ್ಸ್‌ಪೋರ್ಟ್ಸ್ ಕಡತದಲ್ಲಿ ಇದಕ್ಕೆ ಸಮನಾದ ಆಯ್ಕೆ ಇಲ್ಲ, ಮತ್ತು ಸರ್ವರ್ ತನ್ನ ವಿಭಾಗವನ್ನು ನೋಡೆವ್ ಆಗಿ ಮೌಂಟ್ ಮಾಡಿಕೊಂಡಿದ್ದರೂ ಅದು ಕ್ಲೈಂಟುಗಳಿಗೆ ತಿಳಿಯುವುದಿಲ್ಲ.

ಕ್ಲೈಂಟಿನ ರೂಟ್‌ಗೆ ಆ ಅಧಿಕಾರವನ್ನು ಕೊಡದ ರೂಟ್_ಸ್ಕ್ವಾಶ್ ಇದ್ದರೆ ಸಾಕಲ್ಲವೇ ಎಂದು ಕೇಳುವವರಿಗೆ ಸಿವಿಇ-2009-1072 ಎಂಬ ಭದ್ರತಾ ದೋಷವನ್ನು ನೆನಪಿಸುತ್ತೇನೆ. 2.6.28.9ಕ್ಕೆ ಹಿಂದಿನ ಲಿನಕ್ಸ್ ಕರ್ನಲ್ಲುಗಳಲ್ಲಿ ಎನ್‌ಎಫ್‌ಎಸ್ ಸರ್ವರ್ ಬಳಕೆದಾರರ ಕೋರಿಕೆಯನ್ನು ನಡೆಸುವ ಮುನ್ನ ಸಾಧನ ಕಡತ ಮಾಡುವ ತನ್ನ ಅಧಿಕಾರವನ್ನು ಕೈಬಿಡುತ್ತಿರಲಿಲ್ಲ. ಅದರಿಂದಾಗಿ ರೂಟ್_ಸ್ಕ್ವಾಶ್ ಇದ್ದ ಹಂಚಿಕೆಯಲ್ಲಿಯೂ ಸಾಮಾನ್ಯ ಬಳಕೆದಾರರು ಸಾಧನ ಕಡತಗಳನ್ನು ಮಾಡಲು ಸಾಧ್ಯವಿತ್ತು. ಆ ದೋಷ ಎಂದೋ ಸರಿಯಾಗಿದೆ. ಆದರೆ ಅಂದು ನೋಡೆವ್ ಹಾಕಿಕೊಂಡಿದ್ದ ಕ್ಲೈಂಟುಗಳಲ್ಲಿ ಅಂತಹ ಕಡತಗಳು ತೆರೆಯುತ್ತಲೇ ಇರಲಿಲ್ಲ.

ತೂಕದ ಕೋಣೆ

ನಿಮ್ಮೆಲ್ಲರಿಗೂ ಕೃತಜ್ಞತೆಗಳು. ಎರಡೂ ಕೌಂಟರುಗಳಲ್ಲಿ ನೋಡೆವ್ ಹಾಕಿದ್ದೇನೆ, ನಾನು ಮಾಡಿದ ‘ತಕ್ಕಡಿ’ ಕಡತವನ್ನೂ ಅಳಿಸಿದ್ದೇನೆ. ಹಾಗಾದರೆ ತೂಕವನ್ನು ಕೌಂಟರಿಗೆ ತರುವ ಸರಿಯಾದ ದಾರಿ ಯಾವುದು? ಎರಡು ಕೌಂಟರುಗಳೂ ಒಂದೇ ತಕ್ಕಡಿಯನ್ನು ನೋಡಬೇಕು ಎಂಬುದನ್ನು ಗಮನದಲ್ಲಿಟ್ಟು ಸಲಹೆ ಕೊಡಿ.

ಕರ್ನಲ್ ಓದುಗ

ನನಗೆ ತಿಳಿದ ಮೂರು ದಾರಿಗಳಿವೆ, ಮೂರಕ್ಕೂ ತಮ್ಮ ತಮ್ಮ ಮಿತಿಗಳಿವೆ.

ಕಡತವನ್ನಲ್ಲದೆ ಸಾಧನವನ್ನೇ ಸಾಗಿಸುವುದು ಒಂದು ದಾರಿ. ಲಿನಕ್ಸ್ ಕರ್ನಲ್ಲಿನಲ್ಲಿರುವ ಯುಎಸ್‌ಬಿಐಪಿ ಇದನ್ನು ಮಾಡುತ್ತದೆ: ತೂಕದ ಕೋಣೆಯ ಅಡಾಪ್ಟರು ಕೌಂಟರಿನ ಯಂತ್ರಕ್ಕೇ ಚುಚ್ಚಿದಂತೆ ಕಾಣುತ್ತದೆ, ಟಿಟಿವೈಯುಎಸ್‌ಬಿ ಕಡತ ಅಲ್ಲಿಯೇ ಹುಟ್ಟುತ್ತದೆ. ಆದರೆ ಒಂದು ಸಮಯದಲ್ಲಿ ಒಂದೇ ಕ್ಲೈಂಟು ಅದನ್ನು ಹಿಡಿದುಕೊಳ್ಳಬಹುದು. ನಿಮಗೆ ಎರಡು ಕೌಂಟರುಗಳಿರುವುದರಿಂದ ಇದು ಹೊಂದುವುದಿಲ್ಲ.

ಎರಡನೆಯದು ಸೆರ್‌2ನೆಟ್. ಅದು ಸೀರಿಯಲ್ ಪೋರ್ಟನ್ನು ಟಿಸಿಪಿ ಪೋರ್ಟಾಗಿ ತೆರೆದಿಡುತ್ತದೆ. ಬಾಡ್ ವೇಗದಂತಹ ನಿಯಂತ್ರಣಗಳನ್ನು ಸಾಗಿಸಲು 1997ರ ಆರ್‌ಎಫ್‌ಸಿ 2217ರ ಕ್ರಮವೂ ಅದರಲ್ಲಿದೆ. ಬಿಲ್ಲಿನ ತಂತ್ರಾಂಶಕ್ಕೆ ಸೀರಿಯಲ್ ಪೋರ್ಟೇ ಬೇಕೆಂದಿದ್ದರೆ ಕೌಂಟರಿನಲ್ಲಿ ಸೋಕ್ಯಾಟ್ ಬಳಸಿ ಒಂದು ಹುಸಿ ಟರ್ಮಿನಲನ್ನು ಮಾಡಿ ಅದನ್ನು ಆ ಟಿಸಿಪಿ ಪೋರ್ಟಿಗೆ ಜೋಡಿಸಬಹುದು. ಇಲ್ಲಿ ಗೂಢಲಿಪೀಕರಣವನ್ನು ನೀವೇ ಸೇರಿಸದಿದ್ದರೆ ಎಲ್ಲವೂ ತೆರೆದೇ ಹೋಗುತ್ತದೆ, ಆದ್ದರಿಂದ ಫೈರ್‌ವಾಲಿನಲ್ಲಿ ಎರಡು ಕೌಂಟರುಗಳ ವಿಳಾಸಗಳಿಗೆ ಮಾತ್ರ ದಾರಿ ಬಿಡಿ.

ಮೂರನೆಯದು, ತೂಕದ ಕೋಣೆಯಲ್ಲಿ ಒಂದು ಸಣ್ಣ ಪ್ರೋಗ್ರಾಮು ಸೀರಿಯಲ್ ಪೋರ್ಟನ್ನು ಓದುತ್ತಾ, ಎಸ್‌ಟಿ ಎಂದು ಆರಂಭವಾಗುವ ಕೊನೆಯ ಸಾಲನ್ನು ಎನ್‌ಎಫ್‌ಎಸ್ ಹಂಚಿಕೆಯ ಒಂದು ಸಾಮಾನ್ಯ ಕಡತದಲ್ಲಿ ಬರೆದಿಡುವುದು. ಸಾಮಾನ್ಯ ಕಡತವನ್ನು ಸಾಗಿಸುವುದು ಎನ್‌ಎಫ್‌ಎಸ್‌ಗೆ ಬಂದ ಕೆಲಸವೇ.

ಯಾವ ದಾರಿಯಾದರೂ, ಟಿಟಿವೈಯುಎಸ್‌ಬಿ0 ಎಂಬ ಹೆಸರನ್ನು ನಂಬಬೇಡಿ. ಅಡಾಪ್ಟರನ್ನು ಕಿತ್ತು ಮತ್ತೆ ಚುಚ್ಚಿದರೆ ಅದು 1 ಆಗಿಬಿಡಬಹುದು. /ಡೆವ್/ಸೀರಿಯಲ್/ಬೈ-ಐಡಿ ಕೋಶದಲ್ಲಿ ಯುಡೆವ್ (ಸಾಧನ ಕಡತಗಳ ಹೆಸರುಗಳನ್ನು ನೋಡಿಕೊಳ್ಳುವ ಪ್ರೋಗ್ರಾಮು) ಮಾಡಿಡುವ ಕೊಂಡಿಯನ್ನು ಬಳಸಿ.

ಹಳೆಯ ಟರ್ಮಿನಲ್

ಮೂರನೆಯ ದಾರಿಗೆ ನನ್ನ ಆಕ್ಷೇಪವಿದೆ, ಏಕೆಂದರೆ ಇದು ರೈತರ ದುಡ್ಡಿನ ವಿಷಯ. ಲಿನಕ್ಸ್‌ನ ಎನ್‌ಎಫ್‌ಎಸ್ ಕ್ಲೈಂಟು ಕಡತಗಳ ಗುಣಲಕ್ಷಣಗಳನ್ನು ತನ್ನಲ್ಲಿ ಸಂಗ್ರಹಿಸಿಟ್ಟುಕೊಳ್ಳುತ್ತದೆ. ಸಾಮಾನ್ಯ ಕಡತಗಳಿಗೆ ಆ ಅವಧಿ ಪೂರ್ವನಿಯೋಜಿತವಾಗಿ 3 ಸೆಕೆಂಡಿನಿಂದ 60 ಸೆಕೆಂಡಿನವರೆಗೆ. ಬಿಲ್ಲಿನ ತಂತ್ರಾಂಶ ಆ ಕಡತವನ್ನು ಒಮ್ಮೆ ತೆರೆದು ಹಾಗೆಯೇ ಇಟ್ಟುಕೊಂಡು ಓದುತ್ತಿದ್ದರೆ ಹಿಂದಿನ ಮೂಟೆಯ ತೂಕವೇ ಮುಂದಿನ ಮೂಟೆಗೂ ಬರಬಹುದು. ಪ್ರತಿ ಸಲವೂ ಮುಚ್ಚಿ ತೆರೆದರೆ ಕ್ಲೈಂಟು ಸರ್ವರನ್ನು ಮತ್ತೆ ಕೇಳುತ್ತದೆ, ನಿಜ. ಆದರೆ ಆ ಶಿಸ್ತನ್ನು ಬೇರೆಯವರು ಬರೆದ ತಂತ್ರಾಂಶ ಪಾಲಿಸುತ್ತದೆಂದು ನೆಚ್ಚಿಕೊಳ್ಳುವುದು ಹೇಗೆ?

ಕರ್ನಲ್ ಓದುಗ

ಆಕ್ಷೇಪವನ್ನು ಒಪ್ಪುತ್ತೇನೆ, ಆ ಸಲಹೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಹಾಗಿದ್ದರೆ ಆ ಸಣ್ಣ ಪ್ರೋಗ್ರಾಮು ಕಡತದಲ್ಲಿ ಬರೆಯುವ ಬದಲು ಟಿಸಿಪಿ ಪೋರ್ಟಿನಲ್ಲಿ ಕುಳಿತು, ಕೌಂಟರು ಕೇಳಿದಾಗ ಮಾತ್ರ ಕೊನೆಯ ಸ್ಥಿರ ತೂಕವನ್ನೂ ಅದನ್ನು ಓದಿದ ಗಳಿಗೆಯನ್ನೂ ಕೊಡಲಿ. ಸೀರಿಯಲ್ ಪೋರ್ಟನ್ನು ಓದುವವರು ಒಬ್ಬರೇ ಇರಬೇಕು ಎಂಬುದೂ ಇದರಿಂದ ನೆರವೇರುತ್ತದೆ. ಇಬ್ಬರು ಏಕಕಾಲಕ್ಕೆ ಓದಿದರೆ ಬೈಟುಗಳು ಇಬ್ಬರ ನಡುವೆ ಹರಿದು ಹಂಚಿಹೋಗುತ್ತವೆ.

ಬ್ಯಾಕಪ್ ಸರದಿ

ಇದಕ್ಕೆ ಹತ್ತಿರದ ಇನ್ನೊಂದು ಪ್ರಶ್ನೆ. ಹಳೆಯ ಯಂತ್ರವೊಂದರ ಪೂರ್ತಿ ವ್ಯವಸ್ಥೆಯನ್ನು ‘ಆರ್‌ಸಿಂಕ್ -ಎ’ ಎಂಬ ನಕಲು ಆದೇಶ ಬಳಸಿ ಎನ್‌ಎಫ್‌ಎಸ್ ಹಂಚಿಕೆಗೆ ನಕಲಿಸುವಾಗ ಸಾಧನ ಕಡತಗಳ ಸಾಲುಗಳಲ್ಲಿ ಮಾತ್ರ ಎಂಕೆನೋಡ್ ದೋಷ ಬರುತ್ತಿದೆ. ಅವುಗಳ ಪ್ರತಿ ಬೇಕೇ ಬೇಕೇ?

ಬೋರ್ಡ್ ಬೆಂಚ್

ಹೊಸ ವ್ಯವಸ್ಥೆಯಾದರೆ ಬೇಡ, /ಡೆವ್‌ನಲ್ಲಿರುವುದೆಲ್ಲ ಬೂಟ್ ಆಗುವಾಗ ಮತ್ತೆ ಹುಟ್ಟುತ್ತದೆ. ಆರ್‌ಸಿಂಕ್‌ಗೆ ‘-ಎಕ್ಸ್’ ಕೊಟ್ಟರೆ ಅದು ಬೇರೆ ಮೌಂಟುಗಳೊಳಗೆ ಹೋಗುವುದೇ ಇಲ್ಲ. ಡೆವ್‌ಟಿಎಂಪಿಎಫ್‌ಎಸ್‌ಗಿಂತ ಹಿಂದಿನ ಕಾಲದ, ಡಿಸ್ಕಿನ ಮೇಲೆಯೇ ಸಾಧನ ಕಡತಗಳನ್ನು ಇಟ್ಟುಕೊಂಡ ಯಂತ್ರವಾದರೆ ಬೇಕಾಗುತ್ತವೆ. ಆಗ ಹಂಚಿಕೆಯ ರೂಟ್_ಸ್ಕ್ವಾಶ್ ಅನ್ನು ತೆಗೆಯಲು ಹೋಗಬೇಡಿ. ಆ ಯಂತ್ರದಲ್ಲಿಯೇ ರೂಟ್ ಆಗಿ ಟಾರ್ ಮಾಡಿ, ಆ ಒಂದು ಟಾರ್ ಕಡತವನ್ನು ಹಂಚಿಕೆಯಲ್ಲಿ ಇಡಿ. ಟಾರ್ ಒಳಗೆ ಸಂಖ್ಯೆಗಳು ಭದ್ರವಾಗಿರುತ್ತವೆ, ಎನ್‌ಎಫ್‌ಎಸ್ ಕಣ್ಣಿಗೆ ಅದು ಬರಿಯ ಒಂದು ಸಾಮಾನ್ಯ ಕಡತ.

ಬ್ಯಾಕಪ್ ಸರದಿ

ಧನ್ಯವಾದಗಳು, ಹಾಗೆಯೇ ಮಾಡುತ್ತೇನೆ. ಹಂಚಿಕೆಯಲ್ಲಿ ಹೆಸರಿರುವ ಪೈಪ್ (ಒಂದು ಪ್ರೋಗ್ರಾಮು ಬರೆದದ್ದನ್ನು ಇನ್ನೊಂದು ಓದಲು ಬಳಸುವ ಕಡತ) ಒಂದನ್ನು ಮಾಡಿದರೆ ಎರಡು ಯಂತ್ರಗಳು ಅದರ ಮೂಲಕ ಮಾತನಾಡಬಹುದೇ ಎಂಬುದನ್ನೂ ಹೇಳಿಬಿಡಿ.

ಬೋರ್ಡ್ ಬೆಂಚ್

ಆಗುವುದಿಲ್ಲ. ಪೈಪಿನ ಹೆಸರು ಸರ್ವರಿನಲ್ಲಿದ್ದರೂ ಪೈಪು ಇರುವುದು ತೆರೆದ ಯಂತ್ರದ ಕರ್ನಲ್ಲಿನಲ್ಲಿ. ಒಂದು ಯಂತ್ರದಲ್ಲಿ ಬರೆಯುವವರು ಓದುವವರಿಗಾಗಿ ಕಾಯುತ್ತಾರೆ, ಇನ್ನೊಂದರಲ್ಲಿ ಓದುವವರು ಬರೆಯುವವರಿಗಾಗಿ ಕಾಯುತ್ತಾರೆ, ಇಬ್ಬರೂ ಕಾಯುತ್ತಲೇ ಇರುತ್ತಾರೆ. ಯುನಿಕ್ಸ್ ಸಾಕೆಟ್ಟಿನ ಕಡತಕ್ಕೂ ಇದೇ ಮಾತು ಸಲ್ಲುತ್ತದೆ.

ತೂಕದ ಕೋಣೆ

ಮೂರು ವಾರಗಳ ನಂತರ ಮತ್ತೆ ಬರೆಯುತ್ತಿದ್ದೇನೆ. ಸಣ್ಣ ಪ್ರೋಗ್ರಾಮಿನ ದಾರಿಯನ್ನೇ ಹಿಡಿದೆ. ತೂಕದ ಕೋಣೆಯ ಯಂತ್ರ ತಕ್ಕಡಿಯನ್ನು ಓದುತ್ತದೆ. ಕೌಂಟರಿನವರು ಗುಂಡಿ ಒತ್ತಿದಾಗ ಸ್ಥಿರವಾದ ಕೊನೆಯ ತೂಕವೂ ಅದರ ಗಳಿಗೆಯೂ ಬಿಲ್ಲಿನ ಪರದೆಗೆ ಬರುತ್ತವೆ. ತೂಕ ಐದು ಸೆಕೆಂಡಿಗಿಂತ ಹಳೆಯದಾಗಿದ್ದರೆ ಬಿಲ್ಲು ಮುಂದುವರಿಯದಂತೆ ಮಾಡಿದ್ದೇನೆ; ಇದನ್ನು ಹಳೆಯ ಟರ್ಮಿನಲ್ ಅವರ ಆಕ್ಷೇಪವನ್ನು ಓದಿದ ಮೇಲೆ ಸೇರಿಸಿದೆ. ಎನ್‌ಎಫ್‌ಎಸ್ ಹಂಚಿಕೆ ಹಿಂದಿನಂತೆಯೇ ಇದೆ, ಅದರಲ್ಲಿ ದಿನದ ಕೊನೆಗೆ ಆ ದಿನದ ತೂಕಗಳ ಪಟ್ಟಿ ಒಂದು ಸಾಮಾನ್ಯ ಕಡತವಾಗಿ ಹೋಗಿ ಕೂರುತ್ತದೆ.

ಮೊನ್ನೆ ಕೆಂಪಡಿಕೆ ತಂದ ಹಿರಿಯರೊಬ್ಬರು ತೂಕದ ಕೋಣೆಯ ತಕ್ಕಡಿಯನ್ನು ನೋಡಿ, ಅಂಗಳ ದಾಟಿ ಕೌಂಟರಿಗೆ ಬಂದು, ಪರದೆಯ ಅಂಕಿಯನ್ನು ಬೆರಳಿಟ್ಟು ಓದಿ, ‘ಅದೇ ಇದೆ’ ಎಂದು ಬಿಲ್ಲಿಗೆ ಸಹಿ ಹಾಕಿದರು.